ಮುಚ್ಚಿದ ಕೋಣೆಯ ಕೆಂಡ



ಈ ಪುಟದಲ್ಲಿ ಕೊಳೆರೋಗ, ಬೋರ್ಡೋ ದ್ರಾವಣ, ಗೊಬ್ಬರದ ದಾಸ್ತಾನು ಇಂಥವುಗಳ ವಿಚಾರ ಬರೆಯುವುದು ನನ್ನ ವಾಡಿಕೆ. ಈ ಸಲ ತೋಟ ಬಿಟ್ಟು ಮನೆಯೊಳಗಿನ ಒಂದು ಮಾತು ಹೇಳಬೇಕಾಗಿದೆ. ಮುಂಗಾರು ಹಿಡಿಯುವ ಮುನ್ನ ಹೇಳಿದರೇ ಅದಕ್ಕೆ ಬೆಲೆ.

ಕೆಲವು ವರ್ಷಗಳ ಹಿಂದೆ, ಪುಷ್ಯ ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ, ನಮ್ಮ ತೋಟದ ಲೈನ್ ಮನೆಯೊಂದರ ಬಾಗಿಲು ಏಳು ಗಂಟೆಯಾದರೂ ತೆರೆಯಲಿಲ್ಲ. ಕೂಗಿದರೆ ಉತ್ತರವಿಲ್ಲ. ಚಿಲಕ ಮುರಿದು ಒಳಹೊಕ್ಕಾಗ ಗಂಡ, ಹೆಂಡತಿ, ಇಬ್ಬರು ಮಕ್ಕಳು ಕಂಬಳಿಯೊಳಗೆ ಎಚ್ಚರವಿಲ್ಲದೆ ಬಿದ್ದಿದ್ದರು. ಚಿಕ್ಕ ಮಗು ವಾಂತಿ ಮಾಡಿಕೊಂಡಿತ್ತು. ಮೂಲೆಯ ಕಬ್ಬಿಣದ ಬಾಂಡಲಿಯಲ್ಲಿ ಬೂದಿಯ ಕೆಳಗೆ ಕೆಂಡ ಇನ್ನೂ ಮಿನುಗುತ್ತಿತ್ತು. ನಾಲ್ವರನ್ನೂ ಜಗಲಿಗೆ ಎಳೆದು, ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಧಾವಿಸಿದೆವು. ಆಮ್ಲಜನಕ ಕೊಟ್ಟರು. ದೇವರ ದಯೆ, ನಾಲ್ವರೂ ಉಳಿದರು.

ಅಂದು ಸಂಜೆ ಆ ಕೋಣೆಗೆ ಹೋಗಿ ನಿಂತೆ. ಗೋಡೆಯ ಮೇಲಿನ ಬೆಳಕಿಂಡಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿತ್ತು. ಎರಚಲು ಬರುತ್ತದೆಂದು ಅವರು ದೂರಿದಾಗ ಅದನ್ನು ಹೊಡೆಸಿದವನು ನಾನೇ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಪಾಸಾದವನಿಗೆ ಅಷ್ಟು ಹೊಳೆಯಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ. ಆದ್ದರಿಂದಲೇ ಈ ಲೇಖನ.

ಹೊಗೆಯಿಲ್ಲದ ವಿಷ

ಸೌದೆಯ ಹೊಗೆಗೆ ಕಣ್ಣುರಿಯುತ್ತದೆ, ಕೆಮ್ಮು ಬರುತ್ತದೆ, ನಾವು ಎದ್ದು ಬಾಗಿಲು ತೆರೆಯುತ್ತೇವೆ. ನಿಗಿನಿಗಿ ಕೆಂಡಕ್ಕೆ ಹೊಗೆಯಿಲ್ಲ, ಮೋಸವಿರುವುದೇ ಅಲ್ಲಿ. ಕೆಂಡದ ರಾಶಿಯ ಅಡಿಯಲ್ಲಿ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ಮೇಲಿನ ಕೆಂಪು ಇದ್ದಿಲನ್ನು ಹಾದು ಬರುವಾಗ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲಿನಲ್ಲಿ ಬಲವಿಲ್ಲ, ಬುದ್ಧಿಗೆ ಮಂಕು. ನಿದ್ರೆಯಲ್ಲಿದ್ದವನಿಗೆ ಇದೊಂದೂ ತಿಳಿಯುವುದಿಲ್ಲ.

“ನಮ್ಮಜ್ಜನ ಕಾಲದಿಂದ ಅಗ್ಗಿಷ್ಟಿಕೆ ಇಟ್ಟೇ ಮಲಗಿದ್ದೇವೆ, ಯಾರೂ ಸಾಯಲಿಲ್ಲ” ಎಂದು ಹಿರಿಯ ಸದಸ್ಯರು ಹೇಳುವುದುಂಟು. ಅಜ್ಜನ ಮನೆಗೆ ಹೆಂಚಿನ ಮಾಡು. ಹೆಂಚಿನ ಸಂದಿಸಂದಿಯಲ್ಲೂ ಗಾಳಿಯಾಡುತ್ತಿತ್ತು. ಈಗ ನಾವು ಕಟ್ಟಿಸಿರುವುದು ತಾರಸಿ, ಗಾಜಿನ ಕಿಟಕಿ. ಕೆಂಡ ಹಳೆಯದೇ, ಕೋಣೆ ಮಾತ್ರ ಹೊಸದು.

ಬಾಣಂತಿ ಕೋಣೆಯ ವಿಚಾರವನ್ನು ಮನೆಯ ಹೆಂಗಸರಿಗೆ ದಯವಿಟ್ಟು ಓದಿ ಹೇಳಿ. ಮಂಚದ ಕೆಳಗೆ ಕೆಂಡವಿಟ್ಟು, ಸಾಂಬ್ರಾಣಿ ಹಾಕಿ, ಗಾಳಿ ತಾಗಬಾರದೆಂದು ಕಿಟಕಿ ಮುಚ್ಚುತ್ತೇವೆ. ಕೂಸಿನ ಉಸಿರಾಟ ದೊಡ್ಡವರಿಗಿಂತ ವೇಗ; ವಿಷವೂ ಅಷ್ಟೇ ಬೇಗ ಏರುತ್ತದೆ. ಗರ್ಭದೊಳಗಿನ ಶಿಶುವಿಗಂತೂ ಇನ್ನೂ ಅಪಾಯ. ಬೆಚ್ಚಗಿಡಲು ಕಂಬಳಿಯಿದೆ, ಬಿಸಿನೀರಿನ ಚೀಲವಿದೆ, ತಾಯಿಯ ಮೈಯ ಕಾವಿದೆ. ಕೆಂಡ ಬೇಡ.

ಬಚ್ಚಲಿನ ಗ್ಯಾಸ್ ಗೀಸರ್

ಹಂಡೆ ಒಲೆ ಹೋಗಿ ಅನೇಕರ ಮನೆಗೆ ಗ್ಯಾಸ್ ಗೀಸರ್ ಬಂದಿದೆ. ಒಂದು ಲೆಕ್ಕ ನೋಡಿ. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. 6 ಅಡಿ ಉದ್ದ, 5 ಅಡಿ ಅಗಲ, 8 ಅಡಿ ಎತ್ತರದ ಬಚ್ಚಲಿನಲ್ಲಿರುವುದು 7 ಘನ ಮೀಟರಿಗೂ ಕಡಿಮೆ. ಗಾಳಿ ಸಾಲದಾದಾಗ ಉರಿ ಅರೆಬರೆಯಾಗಿ ಅದೇ ವಿಷಾನಿಲ ಹೊರಡುತ್ತದೆ. ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಎಚ್ಚರಿಕೆಯೂ ಇಲ್ಲ. ಚಿಲಕ ಹಾಕಿಕೊಂಡು ಬಿದ್ದವರನ್ನು ಎತ್ತಲೂ ತಡವಾಗುತ್ತದೆ.

2020ರ ಜನವರಿಯಲ್ಲಿ ಕೇರಳದಿಂದ ನೇಪಾಳದ ದಾಮನ್‌ಗೆ ಪ್ರವಾಸ ಹೋದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿ ಕಿಟಕಿ ಬಾಗಿಲು ಮುಚ್ಚಿ ಮಲಗಿದ ಕೋಣೆಯಲ್ಲಿ ಪ್ರಾಣ ಬಿಟ್ಟ ಸುದ್ದಿಯನ್ನು ತಾವೂ ಓದಿರಬಹುದು.

ಮಾಡಬೇಕಾದದ್ದು

ಮಲಗುವ ಕೋಣೆಯಲ್ಲಿ ಕೆಂಡ ಇಡಲೇಬಾರದು. ಚಳಿ ಕಾಯಿಸುವುದಿದ್ದರೆ ಜಗಲಿಯಲ್ಲಿ ಕಾಯಿಸಿ, ಮಲಗುವ ಮುನ್ನ ಬಾಂಡಲಿ ಹೊರಗಿಟ್ಟು ನೀರು ಹೊಯ್ಯಿರಿ. ಬೂದಿ ಮುಚ್ಚಿದ ಮಾತ್ರಕ್ಕೆ ಕೆಂಡ ಸತ್ತಿತೆಂದು ತಿಳಿಯಬೇಡಿ. ಅಡಿಕೆ ಬೇಯಿಸುವ, ಒಣಗಿಸುವ ಮನೆಯಲ್ಲಿ ಕಾವಲಿಗೆಂದು ಆಳುಗಳು ಬೆಂಕಿಯ ಪಕ್ಕದಲ್ಲೇ ಮಲಗುವುದನ್ನೂ ತಪ್ಪಿಸಿ.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ, ಕೊಳವೆಯಲ್ಲಿ ನೀರು ಒಳಗೆ ತರಿಸಿ. ಹಾಗಾಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಇಳಿಯಿರಿ. ಉರಿ ನೀಲಿಯಿರಬೇಕು, ಹಳದಿ ತಿರುಗಿದರೆ ಮಿಸ್ತ್ರಿಯನ್ನು ಕರೆಸಿ. ಒಲೆಯ ಹೊಗೆಗೂಡನ್ನು ವರ್ಷಕ್ಕೊಮ್ಮೆ ಗುಡಿಸಿ. ಪ್ರಸಿದ್ಧ ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರಲ್ಲಿ ತೀರಿಕೊಂಡದ್ದು ಮಲಗುವ ಕೋಣೆಯ ಹೊಗೆಗೂಡು ಕಟ್ಟಿಕೊಂಡು ಒಳಗೆ ತುಂಬಿದ ಇದೇ ವಿಷಾನಿಲದಿಂದ.

ಯಾರಾದರೂ ಎಚ್ಚರ ತಪ್ಪಿದ್ದರೆ ಮೊದಲು ಬಾಗಿಲು ಕಿಟಕಿ ತೆರೆದು ಅವರನ್ನು ಹೊರಗೆ ತನ್ನಿ. ಒಳಗೆ ನಿಂತು ಉಪಚಾರ ಮಾಡಬೇಡಿ. 108ಕ್ಕೆ ಕರೆ ಮಾಡಿ. ಕೋಣೆಯಲ್ಲಿ ಕೆಂಡವೋ ಗೀಸರೋ ಇತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ಈ ವಿಷವನ್ನು ಅದು ಆಮ್ಲಜನಕವೆಂದೇ ಎಣಿಸಿ ಸರಿಯಾದ ಅಂಕಿ ತೋರಿಸಬಹುದು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆ. ಆದ್ದರಿಂದ ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು.

ಕೊನೆಯದಾಗಿ ಒಂದು ವಿನಂತಿ. ಪುನರ್ವಸು ಮಳೆ ಶುರುವಾಗುವ ಮೊದಲು ಒಂದು ದಿನ ನಿಮ್ಮ ಲೈನ್ ಮನೆಗಳಿಗೆ ಹೋಗಿ ಬೆಳಕಿಂಡಿಗಳನ್ನು ನೋಡಿ. ಎರಚಲು ಬಾರದಂತೆ ಹೊರಗಿನಿಂದ ಒಂದು ತಗಡು ಓರೆಯಾಗಿ ಕೊಡಿಸಿ, ಗಾಳಿಗೆ ದಾರಿ ಬಿಡಿ. ಹೊದೆಯಲು ಒಂದೆರಡು ಕಂಬಳಿ ಹೆಚ್ಚು ಕೊಡಿ. ಚಳಿಗೆ ನಡುಗುವವನಿಗೆ ಕೆಂಡ ಬೇಡವೆಂದು ಬರಿಗೈಯಲ್ಲಿ ಹೇಳಿದರೆ ಅವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

– ಕಾರ್ಯದರ್ಶಿ