ಮುದಿ ಗಣಕಯಂತ್ರಕ್ಕೆ ಹೊಸ ಹುರುಪು: ರೊಕ್ಕ ಎಲ್ಲಿ ಹಾಕಬೇಕು?

ಚಿಕ್ಕೋಡಿ: ಗಿರಾಕಿ ನಿಂತಿದ್ದಾನೆ, ಸಾಮಾನು ಕಟ್ಟಿಯಾಗಿದೆ, ಬಿಲ್ಲು ಮಾತ್ರ ಬಂದಿಲ್ಲ. ಗಣಕಯಂತ್ರ ಇನ್ನೂ ಕಣ್ಣು ಬಿಡುತ್ತಿದೆ. "ಸಾವ್ಕಾರ್ರ, ಬಸ್ ಹೊಂಟತ್ರಿ, ಲಗೂ ಮಾಡ್ರಿ" ಎಂಬ ಕೂಗು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪೇಟೆಗಳಿಗೆ ಹೊಸದಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಖಾತೆ-ಕಿರ್ದಿ ಬದಿಗಿಟ್ಟು ಗಣಕಯಂತ್ರ ತಂದವರು ಬಹಳ ಮಂದಿ. ಆ ಯಂತ್ರಗಳಿಗೆ ಈಗ ಮುಪ್ಪು. ಹೊಸದನ್ನೇ ಕೊಳ್ಳಬೇಕೆ, ಒಂದು ಭಾಗ ಬದಲಿಸಿದರೆ ಸಾಕೆ ಎಂಬುದೇ ವರ್ತಕರ ಮುಂದಿರುವ ಪ್ರಶ್ನೆ.

ತಡಕ್ಕೆ ಕಾರಣವೇನು?

ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗುತ್ತದೆ. ಸಣ್ಣ ಮುಳ್ಳು ಅದರ ಮೇಲೆ ಓಡಾಡಿ ಲೆಕ್ಕ ಹುಡುಕುತ್ತದೆ. ಎಸ್ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಎಲ್ಲವೂ ಚಿಪ್ಪುಗಳಲ್ಲಿ. ಆದ್ದರಿಂದಲೇ ನಿಮಿಷಗಟ್ಟಲೆ ಎಳೆಯುತ್ತಿದ್ದ ಯಂತ್ರ ಕೆಲವೇ ಸೆಕೆಂಡಿನಲ್ಲಿ ಎದ್ದು ಕೂಡುತ್ತದೆ.

ಯಾವುದು ಕೊಳ್ಳಬೇಕು?

ಹಳೆಯ ಯಂತ್ರಕ್ಕೆ ಎರಡೂವರೆ ಇಂಚಿನ ಸಾಟಾ ಮಾದರಿಯೇ ನಿಶ್ಚಿಂತೆ. ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ. ಕಡ್ಡಿಯಾಕಾರದ ಎಂ.2ನಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯಲಿಕ್ಕಿಲ್ಲ. ಪೆಟ್ಟಿಗೆ ಬಿಚ್ಚಿ ನೋಡದೆ ಇದನ್ನು ಕೊಂಡವರು ಮತ್ತೆ ಪೇಟೆಗೆ ಬಸ್ ಹತ್ತಬೇಕಾದೀತು. ಎನ್‌ವಿಎಂಇ ವೇಗ ಹಲವು ಪಟ್ಟು ಹೆಚ್ಚು, ನಿಜ. ಆದರೆ ಎತ್ತಿನ ಬಂಡಿ ಬಿಟ್ಟು ಬಸ್ ಹತ್ತಿದವನಿಗೆ ಆಗುವ ಲಾಭ, ಬಸ್ ಬಿಟ್ಟು ಕಾರು ಹತ್ತಿದವನಿಗೆ ಆಗುವುದಿಲ್ಲ. ಬಿಲ್ಲು ಬರೆಯುವ ಅಂಗಡಿಗೆ ಸಾಟಾ ಸಾಕು.

ಕಿರಾಣಿ, ಜವಳಿ ಅಂಗಡಿಗೆ 256 ಜಿಬಿ ಸಾಲುತ್ತದೆ. ಫೋಟೋ ಸ್ಟುಡಿಯೋದವರು 512 ನೋಡಲಿ. 120 ಜಿಬಿ ಅಗ್ಗವಾದರೂ ಬೇಗ ತುಂಬುತ್ತದೆ, ತುಂಬಿದ ಮೇಲೆ ಕುಂಟುತ್ತದೆ. ಹೆಸರಿಲ್ಲದ ಕಂಪನಿಯ 2 ಟಿಬಿ ಮಾಲು ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ, ನಂಬದಿರುವುದೇ ಲೇಸು. ರ್‍ಯಾಮ್ 4 ಜಿಬಿ ಮಾತ್ರ ಇದ್ದರೆ ಅದನ್ನೂ 8ಕ್ಕೆ ಏರಿಸಬೇಕು. ಇಲ್ಲವಾದರೆ ಅರ್ಧ ಕೆಲಸವೇ ಆದಂತೆ.

ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ, ಕಾಗವಾಡದವರಿಗೆ ಮಿರಜ್. ಎಲ್ಲಿಯೇ ಕೊಂಡರೂ ಸೀರಿಯಲ್ ನಂಬರ್ ಬರೆದ ಪಕ್ಕಾ ಬಿಲ್ಲು ಬೇಕು. ಗ್ಯಾರಂಟಿ ಮೂರು ವರ್ಷವೋ ಐದೋ, ಕೆಟ್ಟರೆ ಬದಲಿಸಿ ಕೊಡುವ ಊರು ಯಾವುದು ಎಂದು ರೊಕ್ಕ ಎಣಿಸುವ ಮೊದಲೇ ಕೇಳಬೇಕು.

ಒಂದು ತೊಡಕು

ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದು ಬೇಕು. ಎಸ್ಎಸ್‌ಡಿ ಹಾಕಿದ ಮಾತ್ರಕ್ಕೆ ಹಳೆಯ ಪ್ರೊಸೆಸರ್ ಹೊಸದಾಗುವುದಿಲ್ಲ. ಯಂತ್ರ ಅದಕ್ಕಿಂತ ಹಳೆಯದಾದರೆ ಹೆಚ್ಚು ರೊಕ್ಕ ಸುರಿಯದಿರುವುದು ಜಾಣತನ. ಲಿನಕ್ಸ್ ಪುಕ್ಕಟೆ ಸಿಗುತ್ತದೆ. ಆದರೆ ಅಂಗಡಿಯ ಲೆಕ್ಕದ ತಂತ್ರಾಂಶ ಅದರಲ್ಲಿ ನಡೆದೀತೆ ಎಂದು ಮೊದಲು ನೋಡಬೇಕು.

ಲೆಕ್ಕ ಉಳಿದರೆ ಅಂಗಡಿ ಉಳಿದೀತು

ವೇಗಕ್ಕಿಂತ ದೊಡ್ಡದು ಲೆಕ್ಕ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಅನೇಕ ಸಲ ಟಕ್-ಟಕ್ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್ಎಸ್‌ಡಿ ಸದ್ದಿಲ್ಲದೆ ಹೋಗಬಹುದು, ಹೋದ ಮೇಲೆ ಲೆಕ್ಕ ಹೊರತೆಗೆಯುವುದು ಬಲು ಕಷ್ಟ. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮೊದಲೇ ಪೂರ್ತಿ ಲೆಕ್ಕದ ಪ್ರತಿ ಬೇರೆ ಕಡೆ ಆಗಿರಬೇಕು.

ತೆಗೆದ ಹಳೆಯ ಡಿಸ್ಕನ್ನು ರಿಪೇರಿ ಅಂಗಡಿಯಲ್ಲಿ ಬಿಟ್ಟು ಬರುವುದು ಬೇಡ. ಅದರಲ್ಲಿ ಗಿರಾಕಿಗಳ ಮೊಬೈಲ್ ನಂಬರ್, ಆಧಾರ್ ಪ್ರತಿ, ಬ್ಯಾಂಕ್ ಕಾಗದ ಎಲ್ಲ ಇದ್ದೀತು. ಸುಸ್ಥಿತಿಯಲ್ಲಿದ್ದರೆ ವಾರಕ್ಕೊಮ್ಮೆ ಲೆಕ್ಕದ ಪ್ರತಿ ಇಡಲು ಅದೇ ಸಾಕು. ಕರೆಂಟು ಹೋಗಿಬರುವ ಊರಿನಲ್ಲಿ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅದನ್ನೂ ಕೂಡಲೇ ಬದಲಿಸುವುದು ಒಳಿತು.