ವೇಲಾಂಕಣಿಗೆ ರಜೆ: ರೂಮು ಹಿಡಿಯುವ ಮುನ್ನ

ಶಾಲೆಗಳಿಗೆ ರಜೆ ಬರುತ್ತಿದ್ದಂತೆ ಹೊಸೂರು, ಮತ್ತಿಗಿರಿ, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: “ಈ ಸಲ ವೇಲಾಂಕಣಿಗೆ ಹೋಗೋಣ.” ಅಜ್ಜಿಗೆ ಹರಕೆ ತೀರಿಸುವ ಆಸೆ, ಮಕ್ಕಳಿಗೆ ಸಮುದ್ರ ನೋಡುವ ಆಸೆ, ದುಡಿದು ದಣಿದ ದೊಡ್ಡವರಿಗೆ ನಾಲ್ಕು ದಿನದ ವಿಶ್ರಾಂತಿ. ಇಡೀ ಮನೆ ಒಪ್ಪುವ ಊರು ಇದು. ಆದರೆ ಹೊರಡುವ ಸಂಭ್ರಮದಲ್ಲಿ, ಅಲ್ಲಿ ಎಲ್ಲಿ ಉಳಿಯುವುದು ಎಂಬ ಯೋಚನೆಯನ್ನು ನಾವು ಕೊನೆಗೆ ಬಿಡುತ್ತೇವೆ. ಬಸ್ಸಿಳಿದ ಮೇಲೆ ಮೂಟೆ ಹೊತ್ತು, ಮಗುವನ್ನು ಸೊಂಟಕ್ಕೇರಿಸಿಕೊಂಡು ಬೀದಿ ಬೀದಿ ಅಲೆಯುವಾಗ ದುಬಾರಿ ರೂಮೂ ಅಗ್ಗವಾಗಿಯೇ ಕಾಣುತ್ತದೆ.

ಪ್ರಿಯ ಓದುಗರೇ, ಇದಕ್ಕೊಂದು ಸರಳ ಸೂತ್ರವಿದೆ. ಮನೆಯಲ್ಲಿ ಯಾರ ಹೆಜ್ಜೆ ಎಲ್ಲರಿಗಿಂತ ನಿಧಾನವೋ ಅವರ ಲೆಕ್ಕದಲ್ಲೇ ಎಲ್ಲವನ್ನೂ ನಿಶ್ಚಯಿಸಿ. ಅಜ್ಜಿಗೂ ಪುಟ್ಟ ಮಗುವಿಗೂ ಹಿತವಾದ ಜಾಗ ಉಳಿದವರಿಗೆಲ್ಲ ಹಿತವಾಗಿಯೇ ಇರುತ್ತದೆ.

ಯಾವ ತಿಂಗಳು ಹೋಗಬೇಕು?

ಆರೋಗ್ಯಮಾತೆಯ ಹಬ್ಬ ಆಗಸ್ಟ್ 29ರಂದು ಧ್ವಜಾರೋಹಣದಿಂದ ಆರಂಭವಾಗಿ ಸೆಪ್ಟೆಂಬರ್ 8ರಂದು ಮಾತೆಯ ಜನನೋತ್ಸವದೊಂದಿಗೆ ಮುಗಿಯುತ್ತದೆ. ಆ ದಿನಗಳಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಲಿಪೂಜೆ ಇರುತ್ತದೆ. ಲಕ್ಷಾಂತರ ಜನ ಸೇರುತ್ತಾರೆ. ಹಬ್ಬಕ್ಕೆ ಹೋಗುವುದು ಬೇರೆ, ವಿಶ್ರಾಂತಿಗೆ ಹೋಗುವುದು ಬೇರೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಸಾಧಿಸಲು ಹೊರಟರೆ ಎರಡೂ ಕೆಡಬಹುದು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕರಾವಳಿಯಲ್ಲಿ ಈಶಾನ್ಯ ಮುಂಗಾರಿನ ಮಳೆ. ಚಂಡಮಾರುತಗಳೂ ಆಗಲೇ ಹೆಚ್ಚು. ‘ಗಜ’ ಚಂಡಮಾರುತ 2018ರ ನವೆಂಬರ್ 16ರಂದು ನಾಗಪಟ್ಟಣಂ ಮತ್ತು ವೇದಾರಣ್ಯದ ನಡುವೆಯೇ ದಡ ಮುಟ್ಟಿತ್ತು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು ಮಾತ್ರವಲ್ಲ, ಮೈಯೆಲ್ಲ ಬೆವರಿಳಿಸುವ ಸೆಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನ ತಂಪಿಗೆ ಒಗ್ಗಿದ ವೃದ್ಧರಿಗೆ ಅದು ಬಲು ಕಷ್ಟ. ನಮ್ಮವರಿಗೆ ಜನವರಿ, ಫೆಬ್ರವರಿ ಒಳ್ಳೆಯದು. ಪೊಂಗಲ್ ರಜೆಯ ಜನಸಂದಣಿ ತಪ್ಪಿಸಿ, ಅದರ ಮುಂದಿನ ವಾರಾಂತ್ಯಕ್ಕೆ ಒಂದೆರಡು ದಿನ ರಜೆ ಸೇರಿಸಿಕೊಂಡರೆ ಊರು ಶಾಂತವಾಗಿರುತ್ತದೆ.

ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಿರಿ

ಸೇಲಂ, ತಿರುಚ್ಚಿ, ತಂಜಾವೂರು ದಾರಿಯಾಗಿ ಹೊಸೂರಿನಿಂದ ವೇಲಾಂಕಣಿಗೆ 400 ಕಿಲೋಮೀಟರಿಗೂ ಹೆಚ್ಚು. ಮೈಸೂರಿನಿಂದ ಹೊರಟು ಬೆಂಗಳೂರು, ಹೊಸೂರು, ಧರ್ಮಪುರಿ, ಸೇಲಂ, ತಿರುಚ್ಚಿ ಮೂಲಕ ತಂಜಾವೂರು ಮುಟ್ಟುವ ರಾತ್ರಿ ರೈಲು ನಮ್ಮವರಿಗೆ ಅನುಕೂಲ. ಕೃಷ್ಣಗಿರಿ ಪಟ್ಟಣಕ್ಕೆ ರೈಲಿಲ್ಲದ ಕಾರಣ ಅಲ್ಲಿಯವರು ಹೊಸೂರಿಗೋ ಧರ್ಮಪುರಿಗೋ ಬಂದು ಹತ್ತಬೇಕು. ತಂಜಾವೂರಿನಿಂದ ನಾಗಪಟ್ಟಣಂ ಮೂಲಕ ಬಸ್ಸಿದೆ. 2010ರಿಂದ ವೇಲಾಂಕಣಿಗೇ ರೈಲು ನಿಲ್ದಾಣವೂ ಇದೆ. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮೊದಲು ಆರಂಭವಾಗುತ್ತದೆ. ಅಜ್ಜಿ ತಾತನಿಗೆ ಕೆಳಗಿನ ಬರ್ತ್ ಬೇಕೆಂದರೆ ಮೊದಲ ದಿನವೇ ಟಿಕೆಟ್ ಮಾಡಿಸಿ.

ರಾತ್ರಿ ರೈಲಿನಲ್ಲಿ ಹೋದವರು ಬೆಳಗ್ಗೆಯೇ ಊರು ತಲುಪುತ್ತಾರೆ. ಕೆಲವು ಲಾಡ್ಜುಗಳಲ್ಲಿ ನೀವು ಬಂದ ಗಂಟೆಯಿಂದ 24 ಗಂಟೆಗೆ ಒಂದು ದಿನದ ಬಾಡಿಗೆ. ಇನ್ನು ಕೆಲವು ಕಡೆ ಮಧ್ಯಾಹ್ನ 12ಕ್ಕೆ ದಿನ ಮುಗಿಯುತ್ತದೆ. ಬೆಳಗ್ಗೆ 8ಕ್ಕೆ ರೂಮು ಕೊಟ್ಟರೆ ನಾಲ್ಕೇ ಗಂಟೆಗೆ ಒಂದು ದಿನದ ಬಾಡಿಗೆ ಲೆಕ್ಕವಾಗಬಹುದು. ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದರೆ ಎಷ್ಟೋ ಹಣ ಉಳಿಯುತ್ತದೆ.

ರೂಮೋ, ಅಡುಗೆಮನೆ ಇರುವ ಮನೆಯೋ?

ಪುಣ್ಯಕ್ಷೇತ್ರದ ಆಡಳಿತವೇ ನಡೆಸುವ ವಸತಿಗೃಹಗಳಿವೆ, ಖಾಸಗಿ ಲಾಡ್ಜುಗಳಿವೆ, ಅಡುಗೆಮನೆ ಸಹಿತ ಬಾಡಿಗೆಗೆ ಸಿಗುವ ಮನೆಗಳೂ ಇವೆ. ಎಂಟು ಹತ್ತು ಜನರ ಕುಟುಂಬಕ್ಕೆ ಮೂರು ರೂಮು ಹಿಡಿಯುವುದಕ್ಕಿಂತ ಒಂದು ಮನೆ ಹಿಡಿಯುವುದು ಅಗ್ಗ ಎನಿಸಬಹುದು. ಮಗುವಿಗೆ ಗಂಜಿ, ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾದ ಊಟ, ಎಲ್ಲಕ್ಕೂ ಅನುಕೂಲ.

ಆದರೆ ಆ ಒಲೆಯ ಮುಂದೆ ನಿಲ್ಲುವವರು ಯಾರು? ಊರಲ್ಲಿ ಬೆಳಗ್ಗೆ ಐದಕ್ಕೆ ಏಳುವ ತಾಯಿ ಅಲ್ಲಿಯೂ ಐದಕ್ಕೇ ಎದ್ದು ಹತ್ತು ಜನಕ್ಕೆ ತಿಂಡಿ ಮಾಡಿ, ಪಾತ್ರೆ ತೊಳೆದು, ಮೀನು ಸಾರಿಗೆ ಮಸಾಲೆ ಅರೆದರೆ ಅವಳಿಗೆ ರಜೆ ಯಾವಾಗ? ಮನೆ ಹಿಡಿಯುವುದಾದರೆ ಬೆಳಗಿನ ಕಾಫಿ, ಮಗುವಿನ ಗಂಜಿ ಮಾತ್ರ ಮನೆಯಲ್ಲಿ, ಉಳಿದ ಊಟ ಹೊರಗೆ ಎಂದು ಮಾತಾಡಿಕೊಳ್ಳಿ. ಇಲ್ಲವೇ ದಿನಕ್ಕೊಬ್ಬರಂತೆ ಗಂಡಸರೂ ಮಕ್ಕಳೂ ಅಡುಗೆಮನೆಗೆ ನಿಲ್ಲಲಿ. ಹೋಟೆಲ್ ಊಟದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ, ನಾಲ್ಕು ದಿನ ಸಾಧ್ಯವಿಲ್ಲದಿದ್ದರೆ ಮೂರು ದಿನ ಇದ್ದು ಬನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ. ಆದರೆ ಉಳಿತಾಯದ ಭಾರವೆಲ್ಲ ಒಬ್ಬರ ಬೆನ್ನ ಮೇಲೆ ಬೀಳಬಾರದು.

ಹಣ ಕೊಡುವ ಮುನ್ನ

ಫೋನಿನಲ್ಲೇ ಇಷ್ಟನ್ನು ಕೇಳಿ. ರೂಮು ನೆಲಮಹಡಿಯಲ್ಲಿದೆಯೇ, ಎಷ್ಟು ಮೆಟ್ಟಿಲು? ಮಂಡಿ ನೋವಿರುವವರು ಕೂರಬಲ್ಲ ಕಮೋಡ್ ಇದೆಯೇ? ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಕುಡಿಯುವ ನೀರಿಗೆ ಏನು ವ್ಯವಸ್ಥೆ? ಕರೆಂಟು ಹೋದರೆ ಜನರೇಟರ್ ಇದೆಯೇ? ಬೆಸಿಲಿಕಾಗೆ ನಡೆದು ಎಷ್ಟು ನಿಮಿಷ? ಹೆಚ್ಚುವರಿ ಹಾಸಿಗೆಗೆ ಎಷ್ಟು? ಹೊರಡುವ ದಿನ ಬದಲಾದರೆ ಮುಂಗಡ ವಾಪಸ್ಸು ಸಿಗುತ್ತದೆಯೇ? ಮನೆಮಾತು ಕನ್ನಡವಾದರೂ ನಮಗೆ ತಮಿಳು ಬರುತ್ತದೆ. ಸಂಕೋಚವಿಲ್ಲದೆ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ಪುಣ್ಯಕ್ಷೇತ್ರದ ರೂಮು ಬೇಕಾದರೆ ಅವರ ಕಚೇರಿ ಅಥವಾ ಅವರದೇ ವೆಬ್‌ಸೈಟ್ ಮೂಲಕ ಮಾತ್ರ ಕಾಯ್ದಿರಿಸಿ. ಯಾತ್ರಾಸ್ಥಳಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ಮೋಸ ಮಾಡುವವರಿದ್ದಾರೆ. ಪರಿಚಯವಿಲ್ಲದ ನಂಬರಿಗೆ ಪೂರ್ತಿ ಹಣ ಕಳಿಸಬೇಡಿ. ಸ್ವಲ್ಪ ಮುಂಗಡ ಕೊಟ್ಟು, ರೂಮು ನೋಡಿದ ಮೇಲೆ ಉಳಿದದ್ದು ಕೊಡಿ. ದೊಡ್ಡವರೆಲ್ಲರ ಗುರುತಿನ ಚೀಟಿ ಜೊತೆಗಿರಲಿ.

ಕಡಲಿನ ಮುಂದೆ

ನಮ್ಮ ಮಕ್ಕಳಿಗೆ ಗೊತ್ತಿರುವುದು ಕೆರೆಯ ನೀರು, ಕೃಷ್ಣಗಿರಿ ಮತ್ತು ಕೆಲವರಪಳ್ಳಿ ಅಣೆಕಟ್ಟಿನ ನೀರು. ಸಮುದ್ರ ಹಾಗಲ್ಲ. ಅಲೆಗಳು ದಡಕ್ಕೆ ತಂದ ನೀರು ಕಿರಿದಾದ ಒಂದು ಓಣಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಮೇಲೆ ನೋಡಿದರೆ ಆ ಜಾಗವೇ ಶಾಂತವಾಗಿ ಕಾಣುತ್ತದೆ. ಅದರ ಸೆಳೆತಕ್ಕೆ ಸಿಕ್ಕವರು ನೇರ ದಡದ ಕಡೆ ಈಜಿದರೆ ಸೋಲುತ್ತಾರೆ. ತೇಲುತ್ತ, ಕೈಯೆತ್ತಿ ಕೂಗಿ, ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯಬೇಕು. ರಕ್ಷಿಸಲು ಹೋಗುವವರು ನೀರಿಗೆ ಹಾರದೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು 112ಕ್ಕೆ ಕರೆ ಮಾಡಬೇಕು. ಮಕ್ಕಳು ಮೊಣಕಾಲಿಗಿಂತ ಆಳಕ್ಕೆ ಹೋಗುವುದು ಬೇಡ. ಪ್ರತಿ ಮಗುವಿನ ಮೇಲೂ ಒಬ್ಬರ ಕಣ್ಣಿರಲಿ.

2004ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮರುದಿನ. ಭಾನುವಾರ ಬೆಳಗ್ಗೆ ಎದ್ದ ಸುನಾಮಿ ಅಲೆಗಳು ವೇಲಾಂಕಣಿಯ ದಡದಲ್ಲಿದ್ದ ನೂರಾರು ಜನರನ್ನು ಕೊಂಡೊಯ್ದವು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಸತ್ತವರು 6,000ಕ್ಕೂ ಹೆಚ್ಚು. ಅಂದು ನಮ್ಮ ದೇಶದಲ್ಲಿ ಮುನ್ನೆಚ್ಚರಿಕೆಯ ಕೇಂದ್ರ ಇರಲಿಲ್ಲ, 2007ರಿಂದ ಹೈದರಾಬಾದಿನಲ್ಲಿದೆ. ಆದರೂ ಸಮುದ್ರ ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿದರೆ ಚಿಪ್ಪು ಆಯಲು ಓಡಬಾರದು, ಎತ್ತರದ ಜಾಗಕ್ಕೆ ಓಡಬೇಕು ಎಂಬುದನ್ನು ಮಕ್ಕಳಿಗೆ ಹೊರಡುವ ಮೊದಲೇ ಹೇಳಿಕೊಡಿ. ಅಲ್ಲಿ ತೀರಿಕೊಂಡವರಿಗಾಗಿ ಮನೆಮಂದಿಯೆಲ್ಲ ಒಂದು ಜಪಸರ ಪ್ರಾರ್ಥಿಸಿದರೆ ಆ ಪಾಠ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ.

ಒಂದು ದಿನವನ್ನು ಖಾಲಿ ಬಿಡಿ

ಸುತ್ತಮುತ್ತ ನೋಡುವುದು ಬಹಳವಿದೆ: ನಾಗೂರು ದರ್ಗಾ, ಡೇನರು 1620ರಲ್ಲಿ ಕೋಟೆ ಕಟ್ಟಿದ ತರಂಗಂಬಾಡಿ, ಚಳಿಗಾಲಕ್ಕೆ ವಲಸೆ ಹಕ್ಕಿಗಳು ಬರುವ ಕೋಡಿಕ್ಕರೈ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ. ಒಂದನ್ನು ಆರಿಸಿ, ಒಂದು ದಿನವನ್ನು ಏನೂ ಗೊತ್ತುಮಾಡದೆ ಬಿಡಿ. ಅಂದು ಅಜ್ಜಿ ಮಾತಾ ಕೊಳದ ದಾರಿಯಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ, ಅಮ್ಮ ಎಷ್ಟು ಹೊತ್ತು ಬೇಕಾದರೂ ಮಲಗಲಿ.

ಈ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾತಾಡಿ. ಮೊದಲು ಅಜ್ಜಿಯನ್ನು ಕೇಳಿ, ಆಮೇಲೆ ಚಿಕ್ಕ ಮಗುವನ್ನು, ಆಮೇಲೆ ಅಡುಗೆ ಮಾಡುವವರನ್ನು. ಅವರ ಉತ್ತರ ಕೇಳಿಸಿಕೊಂಡು ಆಮೇಲೆ ಫೋನು ಕೈಗೆತ್ತಿಕೊಳ್ಳಿ.