ಕಂಪ್ಯೂಟರಿನ ಪಿಟೀಲಿಗೂ ಉಸಿರು ಬೇಕು

ಕಳೆದ ವರ್ಷ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ನೃತ್ಯರೂಪಕವೆಂದು ತೀರ್ಮಾನವಾಯಿತು. ವಾದ್ಯವೃಂದ ಕರೆಸುವಷ್ಟು ಹಣವಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್, ಕೀಬೋರ್ಡ್ ಇಟ್ಟುಕೊಂಡ ತಪ್ಪಿಗೆ ಹಿನ್ನೆಲೆ ಸಂಗೀತದ ಹೊಣೆ ನನ್ನ ಹೆಗಲಿಗೆ ಬಿತ್ತು. ಬ್ಯಾಂಕಿನಿಂದ ಬಂದು ರಾತ್ರಿ ಹನ್ನೊಂದರವರೆಗೆ ಕುಳಿತು ತಿಂಗಳಲ್ಲಿ ಮುಗಿಸಿದೆ.

ಮೊದಲು ಕೇಳಿಸಿದ್ದು ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ. ಮುಂಬಯಿಯ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಗೋವಾದ ಕಲಾವಿದರ ಪಕ್ಕ ಕುಳಿತು ಪಿಟೀಲು ನುಡಿಸಿದವರು. ಎರಡೇ ನಿಮಿಷ ಕೇಳಿ, "ಇದರಲ್ಲಿ ಯಾರೂ ಉಸಿರಾಡುತ್ತಿಲ್ಲವಲ್ಲ ಮಾರಾಯಾ" ಎಂದರು. ಕಾರ್ಯಕ್ರಮಕ್ಕೆ ಮೂರು ವಾರ ಉಳಿದಿತ್ತು.

ಸ್ವರಗಳೇನೋ ನಿಜವಾದ ಪಿಟೀಲಿನಿಂದಲೇ ಧ್ವನಿಮುದ್ರಿಸಿದವು. ಆದರೆ ದೀರ್ಘ ಸ್ವರವೊಂದು ಮೊದಲಿನಿಂದ ಕೊನೆವರೆಗೆ ಒಂದೇ ಮಟ್ಟ, ಲೆಡ್ಜರಿನ ಗೆರೆಯಂತೆ! ವಾಲ್ಯೂಮ್ ಏರಿಸಿ ಇಳಿಸಿ ನೋಡಿದೆ. ರೇಡಿಯೊದ ತಿರುಗಣೆ ತಿರುವಿದಂತಾಯಿತೇ ಹೊರತು ಜೀವ ಬರಲಿಲ್ಲ.

ಇದಕ್ಕೆ ಮದ್ದು ಆಟೊಮೇಶನ್. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಸ್ವರದ ಜೊತೆ 0ಯಿಂದ 127ರವರೆಗೆ ಏರಿಳಿಯುವ ಸಂಖ್ಯೆಗಳನ್ನೂ ಬರೆದಿಡಬಹುದು. 7ನೇ ನಿಯಂತ್ರಣ ವಾಲ್ಯೂಮ್, 11ನೆಯದು ಎಕ್ಸ್‌ಪ್ರೆಶನ್. ಇವೆರಡೂ ಬದಲಿಸುವುದು ಸದ್ದಿನ ಪ್ರಮಾಣವನ್ನು ಮಾತ್ರ. 1ನೆಯದಾದ ಮಾಡ್ಯುಲೇಶನ್ನಿನ ಕೆಲಸ ಬೇರೆ. ವಾದ್ಯವೃಂದದ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಅದನ್ನು ಏರಿಸಿದರೆ, ಮೆಲ್ಲನೆ ನುಡಿಸಿದ ಧ್ವನಿಮುದ್ರಣದಿಂದ ಒತ್ತಿ ನುಡಿಸಿದ್ದಕ್ಕೆ ಧ್ವನಿ ಸರಿಯುತ್ತದೆ. ಕಮಾನು ಒತ್ತಿ ಎಳೆದಾಗ ಸದ್ದು ದೊಡ್ಡದಾಗುವುದಷ್ಟೇ ಅಲ್ಲ, ನಾದದ ಬಣ್ಣವೇ ಬದಲಾಗುತ್ತದೆ. ನನಗೆ ತಪ್ಪಿದ್ದು ಅದೇ.

ಮೌಸಿನಿಂದ ಗೆರೆ ಎಳೆಯುವುದನ್ನು ಬಿಟ್ಟೆ. ಹಿರಿಯರು ಪಕ್ಕದಲ್ಲಿ ಕುಳಿತು ಗಾಳಿಯಲ್ಲೇ ಕಮಾನು ಎಳೆಯುತ್ತಿದ್ದರು. ಅವರ ಕೈ ನೋಡುತ್ತಾ ನಾನು ಕೀಬೋರ್ಡಿನ ಎಡಬದಿಯ ಚಕ್ರ ತಿರುಗಿಸುತ್ತಿದ್ದೆ. ಒಂದನೇ ಪಿಟೀಲು, ಎರಡನೇ ಪಿಟೀಲು, ಸೆಲ್ಲೊ ಎಲ್ಲಕ್ಕೂ ಬೇರೆಬೇರೆಯಾಗಿ. ಒಂದರ ಗೆರೆ ಇನ್ನೊಂದಕ್ಕೆ ನಕಲು ಮಾಡಲು ಹೋಗಿ ಬೈಸಿಕೊಂಡೆ. ಪಿಟೀಲಿನ ಸ್ವರ ನಿಧಾನವಾಗಿ ಏಳುವುದರಿಂದ ಅದನ್ನು ತಾಳಕ್ಕಿಂತ ತುಸು ಮುಂಚೆ ಸರಿಸಬೇಕಾಯಿತು. ತುತ್ತೂರಿಗೆ ಉಸಿರೆಳೆಯಲು ನಡುನಡುವೆ ಬಿಡುವು ಕೊಟ್ಟೆ.

ಕೊಳಲು ಮಾತ್ರ ಕೊನೆಗೂ ಒಲಿಯಲಿಲ್ಲ. ಅದು ಪಾಶ್ಚಾತ್ಯ ಕೊಳಲಿನ ಧ್ವನಿ. ಬಿಡಿಬಿಡಿ ಸ್ವರಗಳಲ್ಲಿ ಮುದ್ರಿಸಿದ್ದು. ಒಂದರಿಂದ ಇನ್ನೊಂದಕ್ಕೆ ಜಾರುವ ನಮ್ಮ ಗಮಕ ಅದರಲ್ಲಿ ಎಲ್ಲಿಂದ ಬರಬೇಕು? ಅಷ್ಟು ಭಾಗವನ್ನು ಅಳಿಸಿ, ಸಂಘದ ಹುಡುಗನೊಬ್ಬನನ್ನು ಕೊಳಲು ಹಿಡಿಸಿ ವೇದಿಕೆಯ ಪಕ್ಕದಲ್ಲಿ ಕೂರಿಸಿದೆವು.